ವರ್ಗ ಸಮೀಕರಣಕ್ಕೆ ದಾರಿ ತೋರಿದ ಖ್ವಾರಿಝ್ಮಿ

ಹತ್ತನೇ ತರಗತಿಯ ಮಕ್ಕಳಲ್ಲಿ ಗಣಿತದ ಕಷ್ಟ ಯಾವುದು ಅಂತ ಕೇಳಿ ನೋಡಿ. ವರ್ಗ ಸಮೀಕರಣ ಅನ್ನುವವರು ಹಲವರಿರುತ್ತಾರೆ. ಈ ಲೆಕ್ಕಗಳನ್ನು ಬಿಡಿಸುವ ಕ್ರಮವನ್ನು ಸುಮಾರು 1200 ವರ್ಷಗಳ ಹಿಂದೆಯೇ ಎಲ್ಲರಿಗೂ ಅರ್ಥವಾಗುವಂತೆ ಬರೆದಿಟ್ಟವರು ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ.

ಕ್ರಿ.ಶ. 780ರ ಸುಮಾರಿಗೆ ಹುಟ್ಟಿದ ಅವರ ಮೂಲ, ಹೆಸರೇ ಹೇಳುವಂತೆ, ಮಧ್ಯ ಏಷ್ಯಾದ ಖ್ವಾರಝ್ಮ್. ದುಡಿದದ್ದು ಬಗ್ದಾದ್‌ನ ಬೈತುಲ್ ಹಿಕ್ಮದಲ್ಲಿ, ಖಲೀಫ ಮಅ್‌ಮೂನ್ (813-833) ಆಳ್ವಿಕೆಯ ಕಾಲದಲ್ಲಿ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನದ ಬಗ್ಗೆಯೂ ಅವರು ಪುಸ್ತಕ ಬರೆದರು. ಖಲೀಫರ ಪ್ರೋತ್ಸಾಹದಿಂದ ಬಂದ ಕೃತಿಯೇ 'ಅಲ್ ಜಬ್ರ್ ವಲ್ ಮುಕಾಬಲ'. ಆಸ್ತಿ ಪಾಲು, ವ್ಯಾಪಾರ, ಜಮೀನು ಅಳತೆ, ಕಾಲುವೆ ತೋಡುವುದು ಮುಂತಾದ ದಿನನಿತ್ಯದ ಕೆಲಸಗಳಿಗೆ ನೆರವಾಗುವುದೇ ಅದರ ಉದ್ದೇಶ.

ಹುಡುಕಬೇಕಾದ ಸಂಖ್ಯೆಗೆ ಅವರಿಟ್ಟ ಹೆಸರು ಜಿದ್ರ್, ಅಂದರೆ ಬೇರು. ಅದರ ವರ್ಗಕ್ಕೆ ಮಾಲ್, ಅಂದರೆ ಸೊತ್ತು. ಅವರ ಪ್ರಸಿದ್ಧ ಲೆಕ್ಕ ಹೀಗಿದೆ: ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತು ಪಟ್ಟು ಸೇರಿಸಿದರೆ 39. ಸಂಖ್ಯೆ ಯಾವುದು? ಹತ್ತರ ಅರ್ಧ 5. ಅದರ ವರ್ಗ 25. ಅದಕ್ಕೆ 39 ಕೂಡಿಸಿದರೆ 64. ಅದರ ವರ್ಗಮೂಲ 8. ಅದರಿಂದ ಮೊದಲಿನ 5 ಕಳೆಯಿರಿ, ಉತ್ತರ 3. ತಾಳೆ ನೋಡಿ: 9 ಮತ್ತು 30 ಸೇರಿ 39. ಇದು ಯಾಕೆ ಸರಿ ಎಂಬುದನ್ನೂ ಅವರು ಚೌಕದ ಚಿತ್ರ ಬರೆದು ತೋರಿಸಿದರು.

ಕೆಲವು ಲೆಕ್ಕಕ್ಕೆ ಎರಡು ಉತ್ತರ ಇರುತ್ತದೆ. ವರ್ಗಕ್ಕೆ 21 ಸೇರಿಸಿದಾಗ ಸಂಖ್ಯೆಯ ಹತ್ತು ಪಟ್ಟು ಆಗಬೇಕಾದರೆ 3 ಕೂಡಾ ಸರಿ, 7 ಕೂಡಾ ಸರಿ. ಆದರೆ 21ರ ಜಾಗದಲ್ಲಿ 30 ಇದ್ದರೆ? ಅರ್ಧದ ವರ್ಗವಾದ 25 ಅದಕ್ಕಿಂತ ಕಡಿಮೆ. ಇಂತಹ ಲೆಕ್ಕಕ್ಕೆ ಉತ್ತರವೇ ಇಲ್ಲ ಎಂದು ಅವರು ಸ್ಪಷ್ಟವಾಗಿ ಬರೆದರು. ವಾಸ್ತವ ಮೂಲ ಇದೆಯೇ ಇಲ್ಲವೇ ಎಂದು ಇಂದು ಮಕ್ಕಳು ಶೋಧಕ ಹಾಕಿ ನೋಡುವುದೂ ಇದನ್ನೇ. ಋಣ ಸಂಖ್ಯೆಗಳನ್ನು ಮಾತ್ರ ಅವರು ಉತ್ತರವಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಪುಸ್ತಕದ ದೊಡ್ಡ ಭಾಗ ವಸಿಯ್ಯತ್ ಮತ್ತು ವಾರಸುದಾರರ ಪಾಲಿನದ್ದು. ಅಲ್ಲಿ ವರ್ಗ ಸಮೀಕರಣ ಬೇಕಾಗುವುದಿಲ್ಲ, ಸರಳ ಸಮೀಕರಣ ಸಾಕು. ಆದರೆ ಅಲ್ಲಿ ಲೆಕ್ಕ ತಪ್ಪಿದರೆ ಒಬ್ಬ ಮಗಳ, ಒಬ್ಬ ತಾಯಿಯ ಹಕ್ಕೇ ತಪ್ಪಿಹೋಗುತ್ತದೆ. ಅಂದಾಜು ಬಿಟ್ಟು ಕ್ರಮ ಹಿಡಿಯಿರಿ ಎಂಬ ಪಾಠ ಎರಡೂ ಕಡೆ ಒಂದೇ.

ಖ್ವಾರಿಝ್ಮಿ ನಿಧನರಾದದ್ದು 850ರ ಸುಮಾರಿಗೆ. 1145ರಲ್ಲಿ ಕೃತಿ ಸ್ಪೇನಿನಲ್ಲಿ ಲ್ಯಾಟಿನ್‌ಗೆ ಅನುವಾದವಾಯಿತು. ಅಲ್ ಜಬ್ರ್ 'ಆಲ್ಜೀಬ್ರಾ' ಆಯಿತು, ಅವರ ಹೆಸರು 'ಆಲ್ಗರಿದಮ್' ಆಯಿತು. ಮನೆಯಲ್ಲಿ ಮಗು ಲೆಕ್ಕಕ್ಕೆ ಹೆದರಿ ಕೂತರೆ ಈ 39ರ ಲೆಕ್ಕವನ್ನೊಮ್ಮೆ ಜೊತೆಗೆ ಕೂತು ಮಾಡಿಸಿ.