ಬಾಣಂತಿಯರ ಲೆಕ್ಕವನ್ನಿಟ್ಟ ದಾದಿ: ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಚರಿತ್ರೆ

ಫರೋಹನ ಅಪ್ಪಣೆಗೆ ಅಂಜದೆ ಕೂಸುಗಳ ಪ್ರಾಣವನ್ನು ಉಳಿಸಿದ ಇಬ್ರಿಯ ಸೂಲಗಿತ್ತಿಯರ ವೃತ್ತಾಂತವನ್ನು ನೀವು ವಿಮೋಚನಕಾಂಡದಲ್ಲಿ ಓದಿರುವಿರಿ. ಹೆರುವ ಹೆಂಗಸಿನ ಬಳಿಯಲ್ಲಿ ಕೂತು ಉಪಚರಿಸುವ ಕೆಲಸವು ಲೋಕದ ಕಣ್ಣಿಗೆ ಕೀಳಾಗಿ ಕಂಡರೂ ದೇವರ ಕಣ್ಣಿಗೆ ಕೀಳಲ್ಲವೆಂಬದು ಅದರಿಂದ ತಿಳಿಯುತ್ತದೆ. ಈ ಸಾರಿ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಚರಿತ್ರೆಯನ್ನು ನಿಮ್ಮ ಮುಂದೆ ಇಡುತ್ತೇವೆ. ಅವರ ಹೆಸರನ್ನು ಕೇಳಿದೊಡನೆ, ಕೈಯಲ್ಲಿ ದೀಪವನ್ನು ಹಿಡಿದು ಗಾಯಪಟ್ಟ ಸಿಪಾಯಿಗಳ ನಡುವೆ ನಡೆಯುವ ಸ್ತ್ರೀಯ ಚಿತ್ರವು ಅನೇಕರ ಮನಸ್ಸಿಗೆ ಬರುತ್ತದೆ. ಆದರೆ ಹುಡುಗಿ, ಬಾಣಂತಿ, ಮುದುಕಿ ಎಂಬ ಭೇದವಿಲ್ಲದೆ ಅವರು ಹೆಂಗಸರಿಗಾಗಿ ಪಟ್ಟ ಪ್ರಯಾಸವೂ, ಅದರಲ್ಲಿ ತಮಗಾದ ಸೋಲನ್ನು ಮುಚ್ಚಿಡದೆ ಒಪ್ಪಿಕೊಂಡ ರೀತಿಯೂ ಕೆಲವರಿಗೆ ಮಾತ್ರ ತಿಳಿದಿವೆ.

ಅಮ್ಮನವರು 1820ನೇ ಇಸವಿ ಮೇ ತಿಂಗಳ 12ನೇ ತಾರೀಖಿನಲ್ಲಿ ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದರು. ಇಂಗ್ಲೆಂಡಿನವರಾದ ತಂದೆತಾಯಿಗಳು ಆಗ ಅಲ್ಲಿ ವಾಸವಾಗಿದ್ದ ಕಾರಣ ಕೂಸಿಗೆ ಆ ಪಟ್ಟಣದ ಹೆಸರನ್ನೇ ಇಟ್ಟರು. ಮನೆತನವು ಐಶ್ವರ್ಯವುಳ್ಳದ್ದಾಗಿತ್ತು. ತಂದೆಯವರು ತಾವೇ ಕೂತು ಮಗಳಿಗೆ ಗ್ರೀಕ್, ಲತೀನ್ ಭಾಷೆಗಳನ್ನು ಕಲಿಸಿದರು. ಗಣಿತವನ್ನಂತೂ ಮಗಳು ಬಹು ಆಸೆಯಿಂದ ಅಭ್ಯಾಸಮಾಡಿದಳು. ಆ ಲೆಕ್ಕದ ವಿದ್ಯೆಯು ಯಾವ ಉಪಯೋಗಕ್ಕೆ ಬಂತೆಂಬದನ್ನು ಮುಂದೆ ಕಾಣುವೆವು.

ಹದಿನಾರು ವರುಷದವರಾಗಿದ್ದಾಗ, 1837ನೇ ಫೆಬ್ರವರಿ 7ರಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂಬ ನಿಶ್ಚಯವು ಅವರಲ್ಲಿ ಹುಟ್ಟಿತು. ಯಾವ ಸೇವೆಯೆಂಬದು ಮಾತ್ರ ಬಹು ಕಾಲ ಸ್ಪಷ್ಟವಾಗಲಿಲ್ಲ. 1845ರಲ್ಲಿ ತಂದೆಯ ತಾಯಿಯು ಕಾಹಿಲೆಯಲ್ಲಿ ಬಿದ್ದಾಗ ಅವರ ಹಾಸಿಗೆಯ ಬಳಿಯಲ್ಲಿದ್ದು ಉಪಚಾರ ಮಾಡಿದರು. ಅದೇ ವರುಷ, ತಮ್ಮನ್ನು ಎತ್ತಿ ಆಡಿಸಿದ್ದ ಮನೆಯ ಮುದಿ ದಾದಿಗೂ ಆಕೆಯ ಕಡೇ ದಿನಗಳಲ್ಲಿ ಸೇವೆಮಾಡಿದರು. ರೋಗಿಯ ಆರೈಕೆಗೆ ಕನಿಕರವೊಂದೇ ಸಾಲದು, ಕಲಿತ ವಿದ್ಯೆಯೂ ಬೇಕೆಂಬದು ಅವರಿಗೆ ಗೊತ್ತಾಯಿತು. ಆದಕಾರಣ ಸಾಲ್ಸ್‌ಬರಿ ಊರಿನ ಆಸ್ಪತ್ರೆಯಲ್ಲಿ ಕೆಲಸ ಕಲಿಯುವದಕ್ಕೆ ಅಪ್ಪಣೆ ಬೇಡಿದರು. ತಂದೆತಾಯಿಗಳು ಒಪ್ಪಲಿಲ್ಲ. ಯಾಕಂದರೆ ಆ ಕಾಲದಲ್ಲಿ ಆಸ್ಪತ್ರೆಯ ದಾದಿಯರೆಂದರೆ ಕುಡಿತಕ್ಕೂ ದುರ್ನಡತೆಗೂ ಹೆಸರಾದವರು. ಕುಲೀನರ ಮಗಳು ಅಂಥವರ ನಡುವೆ ಹೋಗುವದು ಮನೆಗೇ ಅವಮಾನವೆಂದು ತಾಯಿಯು ಬಹಳವಾಗಿ ದುಃಖಪಟ್ಟರು. ಮಗಳು ತಾಯಿಯನ್ನು ದೂಷಿಸಿ ಮನೆಬಿಟ್ಟು ಓಡಿಹೋಗಲಿಲ್ಲ. ಕರೆಯನ್ನು ಮರೆಯಲೂ ಇಲ್ಲ. ವರುಷಗಟ್ಟಲೆ ಕಾದುಕೊಂಡಿದ್ದರು. ತಕ್ಕ ವರನು ಮದುವೆಗೆ ಕೇಳಿದಾಗಲೂ ಈ ಸೇವೆಯ ನಿಮಿತ್ತ ಒಲ್ಲೆನೆಂದರು.

ಜರ್ಮನಿಯ ರೈನ್ ನದಿಯ ದಡದಲ್ಲಿರುವ ಕೈಸರ್ಸ್‌ವರ್ತ್ ಎಂಬ ಊರಲ್ಲಿ ಫ್ಲೀಡ್ನರ್ ಎಂಬ ಪ್ರೊಟೆಸ್ಟಂಟ್ ಪಾದ್ರಿಯವರು 1836ರಲ್ಲಿ ಸಭಾಸೇವಕಿಯರ ಮನೆಯೊಂದನ್ನು ಸ್ಥಾಪಿಸಿದ್ದರು. ಅಲ್ಲಿ ಬಡವರ ಆಸ್ಪತ್ರೆಯೂ ಚಿಕ್ಕ ಮಕ್ಕಳ ಶಾಲೆಯೂ ತಬ್ಬಲಿಗಳ ಮನೆಯೂ ಸೆರೆಯಿಂದ ಬಿಡುಗಡೆಯಾದ ಹೆಂಗಸರಿಗೆ ಆಶ್ರಯವೂ ಇದ್ದವು. ರೈತರ ಮನೆಯ ಹೆಣ್ಣುಮಕ್ಕಳು ಅಲ್ಲಿ ಕಲಿತು ಸೇವಕಿಯರಾಗುತ್ತಿದ್ದರು. ನೈಟಿಂಗೇಲ್ ಅಮ್ಮನವರು 1850ರಲ್ಲಿ ಆ ಸ್ಥಳವನ್ನು ನೋಡಿ, 1851ರಲ್ಲಿ ಮೂರು ತಿಂಗಳು ಅಲ್ಲಿದ್ದು ಕೆಲಸ ಕಲಿತರು. ಐಶ್ವರ್ಯದಲ್ಲಿ ಬೆಳೆದ ಅವರು ಸರಳವಾದ ಊಟವನ್ನೇ ಉಂಡು, ರೋಗಿಗಳ ಗಾಯಗಳನ್ನು ತೊಳೆದು ಕಟ್ಟುತ್ತಾ ಸಂತೋಷದಿಂದಿದ್ದರು.

1853ರಲ್ಲಿ ಲಂಡನಿನ ಹಾರ್ಲಿ ಬೀದಿಯಲ್ಲಿ ಕಾಹಿಲೆಯ ಸ್ತ್ರೀಯರಿಗಾಗಿ ಇದ್ದ ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆಯು ಅವರಿಗೆ ದೊರಕಿತು. ಪರರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಜೀವಿಸುತ್ತಿದ್ದ ಒಂಟಿ ಹೆಂಗಸರು, ದೇಹವು ಬಳಲಿ ದಿಕ್ಕಿಲ್ಲದೆ ಹೋದಾಗ, ಅಲ್ಲಿಗೆ ಬರುತ್ತಿದ್ದರು. ಅಮ್ಮನವರು ಸಂಬಳವನ್ನು ತೆಗೆದುಕೊಳ್ಳದೆ ದುಡಿದರು. ಪ್ರತಿ ಮಹಡಿಗೂ ಬಿಸಿನೀರು ಬರುವಂತೆ ಕೊಳಾಯಿ ಹಾಕಿಸಿದರು. ಯಾವ ಮತದವಳೇ ಆಗಲಿ, ಕಾಹಿಲೆಯವಳನ್ನು ಸೇರಿಸಿಕೊಳ್ಳಬೇಕೆಂದು ಹಟಹಿಡಿದು ಸಾಧಿಸಿದರು.

ಮರುವರುಷ ಕ್ರಿಮಿಯ ಯುದ್ಧದಲ್ಲಿ ಗಾಯಪಟ್ಟ ಸಿಪಾಯಿಗಳ ದುರವಸ್ಥೆಯ ಸುದ್ದಿ ಬರಲು, ಅವರು 38 ಮಂದಿ ಸ್ತ್ರೀಯರನ್ನು ಕರೆದುಕೊಂಡು 1854ನೇ ನವೆಂಬರ್ 4ರಲ್ಲಿ ತುರ್ಕರ ದೇಶದ ಸ್ಕುಟಾರಿಗೆ ಮುಟ್ಟಿದರು. ಅಲ್ಲಿಯ ದೀಪದ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಅದೇ ದಂಡಿನ ಕಟ್ಟಡದ ನೆಲಮನೆಗಳಲ್ಲಿ, ಬೆಳಕೂ ಗಾಳಿಯೂ ಇಲ್ಲದ ಕತ್ತಲೆಯಲ್ಲಿ, ಸಿಪಾಯಿಗಳ ಹೆಂಡತಿಯರೂ ವಿಧವೆಯರೂ ಇದ್ದರು. ಅವರಲ್ಲಿ ಬಸುರಿಯರೂ ಬಾಣಂತಿಯರೂ ಇದ್ದರು. ಅವರನ್ನು ಕೇಳುವವರೇ ಇರಲಿಲ್ಲ. ಸಹಾಯಕ್ಕಾಗಿ ಬಂದ ಲೇಡಿ ಅಲಿಸಿಯಾ ಬ್ಲ್ಯಾಕ್‌ವುಡ್ ಎಂಬವರಿಗೆ ಅಮ್ಮನವರು ಈ ಹೆಂಗಸರ ಪರಾಮರಿಕೆಯನ್ನು ಒಪ್ಪಿಸಿದರು. ಹೀಗೆ ಅವರಿಗೆ ಹೆರಿಗೆಗೂ ಔಷಧಕ್ಕೂ ಸ್ಥಳವಾಯಿತು.

ಆದರೂ ಆ ದೊಡ್ಡ ಆಸ್ಪತ್ರೆಯಲ್ಲಿ ಮರಣವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ಮಂದಿ ರೋಗಿಗಳು ಸಾಯುತ್ತಿದ್ದರು. ಮಾರ್ಚಿಯಲ್ಲಿ ಸರಕಾರದ ನಿಯೋಗದವರು ಬಂದು ಹೊಲಸು ಮೋರಿಗಳನ್ನು ತೊಳೆಯಿಸಿ, ಗಾಳಿಗೆ ದಾರಿಮಾಡಿದ ಮೇಲೆ, ಬೇಸಿಗೆಯಲ್ಲಿ ಆ ಸಂಖ್ಯೆಯು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಅಮ್ಮನವರು 1856ರಲ್ಲಿ ಊರಿಗೆ ತಿರುಗಿಬಂದು, ಲೆಕ್ಕಶಾಸ್ತ್ರದಲ್ಲಿ ಪ್ರವೀಣರಾದ ವಿಲಿಯಂ ಫಾರ್ ಎಂಬವರೊಂದಿಗೆ ಸತ್ತವರ ಪಟ್ಟಿಗಳನ್ನು ಪರಿಶೋಧಿಸಿದಾಗ, ತಾವು ಹಗಲಿರುಳು ಸೇವೆಮಾಡಿದ ಕಟ್ಟಡದ ಹೊಲಸೇ ಬಹು ಜನರನ್ನು ಕೊಂದಿತೆಂಬ ಸತ್ಯವು ಅವರ ಎದೆಗೆ ಕತ್ತಿಯಂತೆ ತಗಲಿತು. ಅಂದಿನಿಂದ ಎಣಿಸಿ ನೋಡದೆ ಯಾವ ಕೆಲಸವನ್ನೂ ಒಳ್ಳೇದೆಂದು ಅವರು ನಂಬಲಿಲ್ಲ.

ಜನರು ಕೃತಜ್ಞತೆಯಿಂದ ಕೂಡಿಸಿಕೊಟ್ಟ ಹಣದಿಂದ 1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ಸ್ಥಾಪಿತವಾಯಿತು. ಅದೇ ಕಾಲಕ್ಕೆ ಮನೆವಾಳ್ತನದ ಹೆಂಗಸರಿಗಾಗಿ ರೋಗಿಗಳ ಆರೈಕೆಯನ್ನು ಕುರಿತು ಪುಸ್ತಕವನ್ನು ಬರೆದರು. 1861ರಲ್ಲಿ ಬಡವರಿಗಾಗಿ ಅದನ್ನು ತಿರುಗಿ ಅಚ್ಚುಹಾಕಿಸುವಾಗ, ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವ ಚಿಕ್ಕ ಹುಡುಗಿಯರಿಗೋಸ್ಕರ ಒಂದು ಅಧ್ಯಾಯವನ್ನು ಕೂಡಿಸಿದರು. ಕೂಸಿಗೆ ಶುದ್ಧ ಗಾಳಿ, ಬೆಚ್ಚಗಿನ ಬಟ್ಟೆ, ಮೈಶುದ್ಧಿ, ವೇಳೆಗೆ ತಕ್ಕ ಆಹಾರ ಬೇಕೆಂಬದನ್ನು ಮುಂದೆ ತಾಯಿಯಾಗುವವಳು ಬಾಲ್ಯದಲ್ಲಿಯೇ ಕಲಿಯಲಿ ಎಂಬದು ಅವರ ಅಭಿಪ್ರಾಯ.

ಈಗ ಈ ಚರಿತ್ರೆಯ ಮುಖ್ಯ ಸಂಗತಿಗೆ ಬರುವೆವು. ಹಳ್ಳಿಯ ಬಡ ಹೆಂಗಸರಿಗೆ ಹೆರಿಗೆಯಲ್ಲಿ ಸಹಾಯಮಾಡುವ ಕಲಿತ ಸೂಲಗಿತ್ತಿಯರಿಲ್ಲವೆಂಬ ಚಿಂತೆಯು ಅಮ್ಮನವರಿಗಿತ್ತು. ಅದಕ್ಕಾಗಿ ಲಂಡನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ಒಂದು ಕೊಠಡಿಯನ್ನು ಏರ್ಪಡಿಸಿ, ಹಳ್ಳಿಗಳಿಂದ ಬಂದ ಹೆಂಗಸರಿಗೆ ಅಲ್ಲಿ ಆರು ತಿಂಗಳ ಶಿಕ್ಷಣವನ್ನು ಕೊಡಿಸಿದರು. ಕಲಿತವರು ತಮ್ಮ ತಮ್ಮ ಊರುಗಳಿಗೆ ಹೋಗಿ ಬಡವರ ಸೇವೆ ಮಾಡಬೇಕಾಗಿತ್ತು. ಕೆಲಸವು ಒಳ್ಳೇದು, ಉದ್ದೇಶವು ಪವಿತ್ರ, ಸೇವಕಿಯರು ಭಕ್ತಿವಂತರು. ಹೀಗಿದ್ದರೂ ಬಾಣಂತಿ ಜ್ವರವು ಆ ಕೊಠಡಿಯೊಳಗೆ ಹೊಕ್ಕಿತು. ಅಮ್ಮನವರು ಲೆಕ್ಕವನ್ನು ತರಿಸಿ ನೋಡಿದರು. ಅಲ್ಲಿ ಹೆತ್ತ 780 ಹೆಂಗಸರಲ್ಲಿ 26 ಮಂದಿ ಸತ್ತಿದ್ದರು. ಅಂದರೆ ಸಾವಿರಕ್ಕೆ 33. ಇಂಗ್ಲೆಂಡ್ ದೇಶದಲ್ಲೆಲ್ಲಾ ಬಾಣಂತಿಯರ ಮರಣವು ಸಾವಿರಕ್ಕೆ ಸುಮಾರು 5 ಮಾತ್ರವೇ. ತಮ್ಮ ಬಡ ಗುಡಿಸಲಲ್ಲಿ ಹೆತ್ತಿದ್ದರೆ ಬದುಕುತ್ತಿದ್ದ ತಾಯಂದಿರು, ಪ್ರೀತಿಯಿಂದ ಏರ್ಪಡಿಸಿದ ಆ ಕೊಠಡಿಗೆ ಬಂದ ಕಾರಣ ಸತ್ತರು.

ಇಂಥ ಸಮಯದಲ್ಲಿ ಮನುಷ್ಯನ ಸ್ವಭಾವವೇನು? ದೇವರ ಚಿತ್ತವೆಂದು ಹೇಳಿ ಸುಮ್ಮನಿರುವದು, ಇಲ್ಲವೆ ಹೆಸರು ಕೆಟ್ಟೀತೆಂದು ಪಟ್ಟಿಯನ್ನು ಮುಚ್ಚಿಡುವದು. ಅಮ್ಮನವರು ಎರಡನ್ನೂ ಮಾಡಲಿಲ್ಲ. 1867ರಲ್ಲಿ ಆ ಕೊಠಡಿಯು ಮುಚ್ಚಲ್ಪಟ್ಟಿತು. ಬಳಿಕ ಅನೇಕ ದೇಶಗಳ ಹೆರಿಗೆ ಆಸ್ಪತ್ರೆಗಳ ಲೆಕ್ಕಗಳನ್ನು ಕೂಡಿಸಿ, 1871ರಲ್ಲಿ ಅದನ್ನು ಕುರಿತು ಪುಸ್ತಕವನ್ನು ಪ್ರಕಟಿಸಿ, ತಮ್ಮ ಕೊಠಡಿಯ ಆ ದುಃಖಕರವಾದ ಲೆಕ್ಕವನ್ನೂ ಅದರಲ್ಲಿ ಸೇರಿಸಿದರು. ಹೆರುವದು ರೋಗವಲ್ಲ, ಆದಕಾರಣ ಬಾಣಂತಿಯನ್ನು ಬೇರೆ ರೋಗಿಗಳ ಸಮೀಪದಲ್ಲಿ ಮಲಗಿಸಬಾರದು. ಒಂದೇ ಕೋಣೆಯಲ್ಲಿ ಬಹು ಮಂದಿಯನ್ನು ತುಂಬಬಾರದು. ಹೆಣವನ್ನು ಕೊಯ್ದು ಕಲಿಯುವ ವಿದ್ಯಾರ್ಥಿಗಳು ಅಲ್ಲಿಗೆ ಬರಬಾರದು. ಹಾಸಿಗೆ ಬಟ್ಟೆ ಶುದ್ಧವಾಗಿರಬೇಕು ಎಂದು ಅದರಲ್ಲಿ ಬೋಧಿಸಿದರು. ರೋಗಾಣುಗಳ ವಿಷಯವು ಆಗಿನ್ನೂ ವೈದ್ಯರೊಳಗೆ ಸ್ಥಿರವಾಗಿರಲಿಲ್ಲ. 1879ರಲ್ಲಿ ಪಾಶ್ಚರ್ ಎಂಬ ಪಂಡಿತರು ಆ ಜ್ವರದ ಕ್ರಿಮಿಯನ್ನು ತೋರಿಸಿಕೊಟ್ಟರು. ತೊಳೆಯದ ಕೈಯೇ ಅದನ್ನು ಒಬ್ಬಳಿಂದ ಮತ್ತೊಬ್ಬಳಿಗೆ ಒಯ್ಯುತ್ತಿತ್ತು.

ಹಿಂದೆ ತನ್ನನ್ನು ತಡೆದ ತಾಯಿಯು ಮುಪ್ಪಿನಲ್ಲಿ ದೃಷ್ಟಿಯನ್ನೂ ಜ್ಞಾಪಕವನ್ನೂ ಕಳಕೊಂಡರು. 1874ರಲ್ಲಿ ತಂದೆಯು ತೀರಿಹೋದ ಮೇಲೆ, ತಾವೇ ರೋಗಪೀಡಿತರಾಗಿದ್ದ ಅಮ್ಮನವರು, 1880ರಲ್ಲಿ ತಾಯಿಯು ಮೃತರಾಗುವ ವರೆಗೂ ಅವರ ಪರಾಮರಿಕೆಯ ಭಾರವನ್ನು ಹೊತ್ತರು. ಯಾವ ಕೆಲಸವು ಮನೆಗೆ ಅವಮಾನವೆಂದು ತಾಯಿಯು ಅತ್ತರೋ ಅದೇ ಕೆಲಸವು ಅವರ ಮುಪ್ಪಿಗೆ ಊರುಗೋಲಾಯಿತು.

ಹಳ್ಳಿಯ ತಾಯಂದಿರನ್ನು ಅಮ್ಮನವರು ಕಡೇ ತನಕ ಮರೆಯಲಿಲ್ಲ. 1892ರಲ್ಲಿ ಬಕಿಂಗ್‌ಹಮ್ ಸೀಮೆಯಲ್ಲಿ ಕೆಲವು ಸ್ತ್ರೀಯರಿಗೆ ಆರೋಗ್ಯದ ವಿಷಯಗಳನ್ನು ಕಲಿಸಿ, ಮನೆಮನೆಗೆ ಕಳುಹಿಸುವ ಏರ್ಪಾಡಿಗೆ ಸಹಾಯಮಾಡಿದರು. ಅವರು ಬಡ ತಾಯಿಯ ಬಾಗಿಲಿಗೆ ಅಧಿಕಾರಿಯಂತೆ ಹೋಗದೆ ಸ್ನೇಹಿತೆಯಂತೆ ಹೋಗಬೇಕೆಂಬದು ಅಮ್ಮನವರ ಕಟ್ಟಳೆ. ಹಿಂದೂ ದೇಶವನ್ನು ಅವರು ಕಣ್ಣಾರೆ ನೋಡದಿದ್ದರೂ ಇಲ್ಲಿಯ ಹಳ್ಳಿಗಳ ನೀರು, ಮೋರಿಗಳ ವಿಷಯವಾಗಿ ಅನೇಕ ವರುಷ ಬರೆಯುತ್ತಿದ್ದರು. 1910ನೇ ಆಗಸ್ಟ್ 13ರಲ್ಲಿ, ತೊಂಬತ್ತು ವರುಷದವರಾಗಿ, ನಿದ್ರೆಹೋದರು. ರಾಜರನ್ನು ಹೂಳುವ ದೇವಾಲಯದಲ್ಲಿ ಸ್ಥಳವನ್ನು ಕೊಡುತ್ತೇವೆಂದರೂ ಮನೆಯವರು ಒಪ್ಪದೆ ಹಳ್ಳಿಯ ಸಮಾಧಿಭೂಮಿಯಲ್ಲಿ ಹೂಣಿಟ್ಟರು. ಕಲ್ಲಿನ ಮೇಲೆ ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟಿದ, ಸತ್ತ ವರುಷಗಳೂ ಮಾತ್ರ ಇವೆ.

ಪ್ರಿಯರೇ, ಈ ಚರಿತ್ರೆಯನ್ನು ಓದಿ, ಆಸ್ಪತ್ರೆಗಿಂತ ಮನೆಯೇ ಹೆರಿಗೆಗೆ ಮೇಲೆಂದು ಯಾರೂ ತಪ್ಪು ತಿಳಿಯಬಾರದು. ಅಂದಿನ ಆಸ್ಪತ್ರೆ ಬೇರೆ, ಇಂದಿನದು ಬೇರೆ. ಇಂದು ಕಲಿತ ದಾದಿಯ ತೊಳೆದ ಕೈಯೂ ಶುದ್ಧಿಮಾಡಿದ ಉಪಕರಣವೂ ರಕ್ತಸ್ರಾವಕ್ಕೆ ಔಷಧವೂ ಅಲ್ಲಿಯೇ ಸಿಕ್ಕುತ್ತವೆ. ನಾವು ಕಲಿಯಬೇಕಾದ ಪಾಠವು ಬೇರೆಯಾಗಿದೆ. ಅದೇನಂದರೆ, ಪ್ರೀತಿಯಿಂದ ಮಾಡಿದ ಕೆಲಸದಲ್ಲಿಯೂ ಕೇಡು ಅಡಗಿರಬಹುದು, ಅದನ್ನು ಹುಡುಕಿ ಬೆಳಕಿಗೆ ತರುವದೂ ಪ್ರೀತಿಯ ಕೆಲಸವೇ ಆಗಿದೆ. ನಮ್ಮ ಊರಲ್ಲಿ ಒಬ್ಬ ಬಾಣಂತಿಯು ಸತ್ತರೆ, ಹಣೆಬರಹವೆಂದು ಮಣ್ಣುಹಾಕಿ ಮರೆಯದೆ, ಯಾವ ಕೈ ತೊಳೆದಿರಲಿಲ್ಲ, ಯಾವ ಗಾಡಿ ತಡವಾಯಿತು, ಯಾರು ಬಸುರಿಯನ್ನು ದಾದಿಯ ಬಳಿಗೆ ಕಳುಹಿಸಲಿಲ್ಲ ಎಂದು ಕೇಳೋಣ. ಕತ್ತಲೆಯಲ್ಲಿ ಹಿಡಿಯಬೇಕಾದ ದೀಪವು ಅದೇ.