ಭಾರ ಹೇರದೆ ಹಿಡಿತ ಕೊಟ್ಟ ಹ್ಯಾರಿ ಫರ್ಗುಸನ್

ಟ್ರಾಕ್ಟರ್ ದೊಡ್ಡದಿದ್ದಷ್ಟೂ ಉಳುಮೆ ಚೆನ್ನಾಗಿ ಆಗುತ್ತೆ ಅಂತ ನಮ್ಮಲ್ಲಿ ಸುಮಾರು ಜನ ಅಂದುಕೊಂಡಿರ್ತೀವಿ. ಮೆತ್ತನೆ ನೆಲದಲ್ಲಿ ಈ ಲೆಕ್ಕ ಕೆಲಸಕ್ಕೆ ಬರಲ್ಲ. ಭಾರ ಕಮ್ಮಿಯಾದ್ರೆ ಚಕ್ರ ನಿಂತಲ್ಲೇ ತಿರುಗುತ್ತೆ. ಜಾಸ್ತಿಯಾದ್ರೆ ಹೂತುಹೋಗುತ್ತೆ, ಮಣ್ಣೂ ಅದುಮಿ ಗಟ್ಟಿಯಾಗುತ್ತೆ. ಈ ಇಕ್ಕಟ್ಟಿಗೆ ದಾರಿ ಹುಡುಕಿದವರು ಹ್ಯಾರಿ ಫರ್ಗುಸನ್.

ಅವರು ಹುಟ್ಟಿದ್ದು 1884ರಲ್ಲಿ, ಐರ್ಲೆಂಡಿನ ಒಂದು ರೈತ ಕುಟುಂಬದಲ್ಲಿ. ಹೊಲದ ಕೆಲಸ ಇಷ್ಟವಾಗದೆ ಬೆಲ್‌ಫಾಸ್ಟ್‌ನಲ್ಲಿದ್ದ ಅಣ್ಣನ ಗ್ಯಾರೇಜ್ ಸೇರಿದರು. 1909ರ ಡಿಸೆಂಬರ್ 31ರಂದು ತಾವೇ ಕಟ್ಟಿದ ವಿಮಾನ ಹಾರಿಸಿದರು. ಆದ್ರೆ ಬಿಟ್ಟು ಬಂದ ಹೊಲ ಅವರನ್ನ ಬಿಡಲಿಲ್ಲ. 1917ರಲ್ಲಿ, ಮಹಾಯುದ್ಧದ ನಡುವೆ, ಟ್ರಾಕ್ಟರ್ ಉಳುಮೆ ಸುಧಾರಿಸುವ ಕೆಲಸವನ್ನು ಅಲ್ಲಿನ ಕೃಷಿ ಇಲಾಖೆ ಅವರಿಗೆ ಒಪ್ಪಿಸಿತು.

ಆಗಿನ ಟ್ರಾಕ್ಟರುಗಳು ನೇಗಿಲನ್ನ ಗಾಡಿ ಥರ ಹಿಂದೆ ಎಳೀತಿದ್ವು. ಹಿಡಿತ ಬೇಕಂದ್ರೆ ಟ್ರಾಕ್ಟರೇ ಭಾರ ಇರಬೇಕಿತ್ತು. ನೇಗಿಲು ಕಲ್ಲಿಗೆ ಸಿಕ್ಕಿಕೊಂಡರೆ ಮುಂಭಾಗ ಮೇಲೆದ್ದು, ಟ್ರಾಕ್ಟರ್ ಹಿಂದಕ್ಕೆ ಮಗುಚಿ ಓಡಿಸುವವರು ಸತ್ತದ್ದೂ ಉಂಟು.

ಫರ್ಗುಸನ್ ನೇಗಿಲನ್ನು ಮೂರು ತೋಳುಗಳಿಂದ ಟ್ರಾಕ್ಟರಿಗೇ ಜೋಡಿಸಿದರು. ಕೆಳಗಿನ ಎರಡು ನೇಗಿಲನ್ನು ಎಳೆಯುತ್ತವೆ. ಮೇಲಿನದು ಟ್ರಾಕ್ಟರನ್ನು ಮುಂದಕ್ಕೆ ಒತ್ತುವುದರಿಂದ ಮುಂಭಾಗ ಏಳಲ್ಲ. ಮಣ್ಣಿನ ಎಳೆತ ಹೆಚ್ಚಾದರೆ ಹೈಡ್ರಾಲಿಕ್ಸ್ ನೇಗಿಲನ್ನ ಸ್ವಲ್ಪ ಎತ್ತುತ್ತೆ. ಆಗ ನೇಗಿಲಿನ ತೂಕ, ಅದರ ಮೇಲಿರೋ ಮಣ್ಣಿನ ಒತ್ತಡ ಎರಡೂ ಹಿಂದಿನ ಚಕ್ರಗಳ ಮೇಲೆ ಬೀಳುತ್ತೆ. ಕೆಲಸ ಇದ್ದಾಗ ಭಾರ, ಇಲ್ಲದಾಗ ಹಗುರ!

1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು, ಕಾಗದ ಪತ್ರ ಏನೂ ಇಲ್ಲ. ಫೋರ್ಡ್ ಮೊಮ್ಮಗನ ಕಾಲಕ್ಕೆ ಅದು ಮುರಿದುಬಿತ್ತು. ಫರ್ಗುಸನ್ ಕೋರ್ಟಿಗೆ ಹೋದರು. 1952ರಲ್ಲಿ 92.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಅಷ್ಟರಲ್ಲಿ, 1946ರಿಂದಲೇ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅವರ ಟಿಇ20 ತಯಾರಾಗ್ತಿತ್ತು. ತೂಕ ಸುಮಾರು 1,100 ಕಿಲೋ ಅಷ್ಟೇ. ಅಂಥವು 5 ಲಕ್ಷಕ್ಕೂ ಹೆಚ್ಚು ಹೊರಬಂದವು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ಹಿಮದ ಮೇಲೆ ದಕ್ಷಿಣ ಧ್ರುವ ತಲುಪಿದ್ದೂ ಚಕ್ರಗಳಿಗೆ ಪಟ್ಟಿ ಹಾಕಿದ ಇದೇ ಪುಟ್ಟ ಟ್ರಾಕ್ಟರುಗಳಲ್ಲಿ. 1960ರಲ್ಲಿ ಫರ್ಗುಸನ್ ತೀರಿಕೊಂಡರು.

ಇವತ್ತಿಗೂ ಚಕ್ರಕ್ಕೆ ಕಬ್ಬಿಣದ ತೂಕ ಬಿಗೀತಾರೆ, ಟೈರಿಗೆ ನೀರು ತುಂಬಿಸ್ತಾರೆ. ಭಾರ ಎಳೆಯೋವಾಗ ಅದು ಬೇಕು ಕೂಡ. ಆದ್ರೆ ಅದೇ ತೂಕ ಹೊತ್ತು ಕೆಸರುಗದ್ದೆಗೆ ಇಳಿದರೆ ಹೂತುಕೊಳ್ಳೋದು ನಾವೇ. ಸಲ ಊರಿಗೆ ಹೋದಾಗ ಟ್ರಾಕ್ಟರಿನ ಹಿಂಭಾಗ ಒಮ್ಮೆ ಬಗ್ಗಿ ನೋಡಿ. ಆ ಮೂರು ತೋಳು ಅಲ್ಲೇ ಇರುತ್ತೆ.