ಚೆಂಡೆಸೆದವನು, ಚೆಂಡು ಹಿಡಿದವನು



ನಮ್ಮ ಊರುಗಳಲ್ಲಿ ಫುಟ್‌ಬಾಲ್ ಎಂದರೆ ಗುಂಡನೆಯ ಚೆಂಡನ್ನು ಕಾಲಿನಿಂದ ಒದೆಯುವ ಆಟ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿಯ ಚೆಂಡಿನ ಎರಡೂ ತುದಿಗಳು ಚೂಪಾಗಿರುತ್ತವೆ. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದೇ ಆಡುತ್ತಾರೆ. ಒಂದೊಂದು ತಂಡದಲ್ಲಿ ಹನ್ನೊಂದು ಜನ. ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಲು ಒಂದು ತಂಡಕ್ಕೆ ನಾಲ್ಕು ಅವಕಾಶಗಳು. ಯಾವ ಅವಕಾಶದಲ್ಲಿ ಏನು ಮಾಡಬೇಕು, ಓಡಬೇಕೇ, ಎಸೆಯಬೇಕೇ, ಯಾರಿಗೆ ಎಸೆಯಬೇಕು ಎಂದು ಆ ಕಾಲದಲ್ಲಿ ಮೈದಾನದಲ್ಲೇ ತೀರ್ಮಾನಿಸುತ್ತಿದ್ದ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು.

ಈ ಆಟದಲ್ಲಿ ಬಹಳ ದೊಡ್ಡ ಹೆಸರು ಗಳಿಸಿದ ಕ್ನೂಟ್ ರಾಕ್ನಿಯವರ ಜೀವನವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇವೆ. ಅವರ ಕಥೆಯನ್ನು ಹೇಳಹೊರಟರೆ ಅವರ ಗೆಳೆಯ ಗಸ್ ಡೊರೇಯ ಕಥೆಯನ್ನೂ ಹೇಳಲೇಬೇಕು. ಒಬ್ಬ ಎಸೆದವನು, ಇನ್ನೊಬ್ಬ ಹಿಡಿದವನು. ಲೋಕ ನೆನಪಿಟ್ಟುಕೊಂಡದ್ದು ಹಿಡಿದವನ ಹೆಸರನ್ನು.

ವಲಸೆ ಬಂದ ಮನೆಯ ಹುಡುಗ

ಕ್ನೂಟ್ ರಾಕ್ನಿ ಹುಟ್ಟಿದ್ದು 1888ರ ಮಾರ್ಚ್ 4ರಂದು, ನಾರ್ವೆ ದೇಶದ ವೋಸ್ ಎಂಬ ಊರಿನಲ್ಲಿ. ತಂದೆ ಲಾರ್ಸ್ ಕುದುರೆ ಗಾಡಿಗಳನ್ನು ತಯಾರಿಸುವ ಕುಶಲಕರ್ಮಿ. 1893ರಲ್ಲಿ ಶಿಕಾಗೋ ನಗರದಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕಾಗಿ ಅವರು ತಮ್ಮ ಗಾಡಿಯೊಂದಿಗೆ ಅಮೆರಿಕಕ್ಕೆ ಹೋದರು. ತಾಯಿ ಮಾರ್ತಾ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿ ಗಂಡನನ್ನು ಸೇರಿಕೊಂಡರು. ಆಗ ಕ್ನೂಟ್‌ಗೆ ಐದು ವರ್ಷ. ಶಿಕಾಗೋದ ಬೀದಿಗಳಲ್ಲಿ ಬೇರೆ ಬೇರೆ ದೇಶಗಳಿಂದ ಬಂದವರ ಮಕ್ಕಳೊಂದಿಗೆ ಆಡುತ್ತಾ ಬೆಳೆದ ಈ ಹುಡುಗನ ಮನೆಯವರು ಲೂಥರನ್ ಪಂಥದವರು.

ಮನೆಯಲ್ಲಿ ಹಣದ ಅನುಕೂಲ ಇರಲಿಲ್ಲ. ಶಾಲೆ ಬಿಟ್ಟ ಕ್ನೂಟ್ ಶಿಕಾಗೋ ಅಂಚೆ ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಕಾಲೇಜಿಗೆಂದು ಪೈಸೆ ಪೈಸೆ ಕೂಡಿಟ್ಟರು. 1910ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣದ ಬಳಿ ಇರುವ ನೋಟರ್ ಡೇಮ್ ವಿದ್ಯಾಲಯವನ್ನು ಸೇರಿದರು. ಪವಿತ್ರ ಶಿಲುಬೆ ಸಭೆಯ ಫಾದರ್ ಎಡ್ವರ್ಡ್ ಸೊರಿನ್ ಅವರು 1842ರಲ್ಲಿ ಸ್ಥಾಪಿಸಿ, ಮಾತೆ ಮರಿಯಮ್ಮನವರ ಹೆಸರಿಟ್ಟ ವಿದ್ಯಾಲಯವಿದು. ತನಗಿಂತ ನಾಲ್ಕು ವರ್ಷ ಚಿಕ್ಕವರೊಂದಿಗೆ ತರಗತಿಯಲ್ಲಿ ಕೂರುತ್ತಾ, ಖರ್ಚಿಗಾಗಿ ರಸಾಯನಶಾಸ್ತ್ರದ ಪ್ರಯೋಗಾಲಯವನ್ನು ಗುಡಿಸಿ ಒರೆಸುವ ಕೆಲಸವನ್ನೂ ಮಾಡುತ್ತಾ ಈ ಲೂಥರನ್ ಯುವಕ ಕಥೋಲಿಕ ಗುರುಗಳ ನಡುವೆ ಓದಿದರು.

ಅಲ್ಲಿ ಕೋಣೆಯ ಜೊತೆಗಾರನಾಗಿ ಸಿಕ್ಕವನೇ ಗಸ್ ಡೊರೇ. ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಊರಿನವನು, 1891ರಲ್ಲಿ ಹುಟ್ಟಿದವನು. ಎತ್ತರ ಐದು ಅಡಿ ಏಳು ಅಂಗುಲ, ತೂಕ ಸುಮಾರು 65 ಕಿಲೋ. ಗೂಳಿಗಳಂಥ ಆಳುಗಳು ಒಬ್ಬರ ಮೇಲೊಬ್ಬರು ಬೀಳುವ ಆ ಆಟಕ್ಕೆ ಇಂಥ ಸಣ್ಣ ದೇಹದವನು ಯಾವ ಲೆಕ್ಕ ಎಂದು ನೋಡಿದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮೊದಲನೆಯ ವರ್ಷದಿಂದಲೇ ಅವನು ತಂಡದ ಕ್ವಾರ್ಟರ್‌ಬ್ಯಾಕ್ ಆದನು. ನಾಲ್ಕು ವರ್ಷವೂ ಆ ಸ್ಥಾನದಲ್ಲಿ ಉಳಿದನು.

ಮುಂದಕ್ಕೆ ಎಸೆಯುವುದೆಂದರೆ

ಇಲ್ಲಿ ಆಟದ ಹಿನ್ನೆಲೆಯನ್ನು ನೀವು ಸ್ವಲ್ಪ ತಿಳಿಯಬೇಕು. 1906ರವರೆಗೆ ಈ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತೆಯೇ ಇರಲಿಲ್ಲ. ಚೆಂಡು ಹಿಡಿದವನನ್ನು ನಡುವೆ ಇಟ್ಟುಕೊಂಡು ಇಡೀ ತಂಡ ಎದುರಾಳಿಗಳ ಮೇಲೆ ನುಗ್ಗುತ್ತಿತ್ತು. ಮೂಳೆ ಮುರಿಯುವುದು ಸಾಮಾನ್ಯವಾಗಿತ್ತು. ಪ್ರತಿವರ್ಷ ಯುವಕರು ಪ್ರಾಣವನ್ನೇ ಕಳೆದುಕೊಳ್ಳುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಕಾಲೇಜಿನವರನ್ನು ಕರೆಸಿ ಮಾತನಾಡಬೇಕಾಯಿತು. ಮರುವರ್ಷ ನಿಯಮ ಬದಲಾಯಿತು. ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಆ ವರ್ಷವೇ ಯೇಸುಸಭೆಯವರ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ತಂಡ ಅದನ್ನು ಮೊದಲು ಬಳಸಿತು. ಆದ್ದರಿಂದ ರಾಕ್ನಿ ಮತ್ತು ಡೊರೇ ಇದನ್ನು ಕಂಡುಹಿಡಿದರೆಂಬ ಮಾತು ಸರಿಯಲ್ಲ.

ಅನುಮತಿ ಸಿಕ್ಕರೂ ಬಹುತೇಕ ತಂಡಗಳು ಹೆದರುತ್ತಿದ್ದವು. ಆರಂಭದ ವರ್ಷಗಳಲ್ಲಿ, ಎಸೆದ ಚೆಂಡನ್ನು ಯಾರೂ ಹಿಡಿಯದಿದ್ದರೆ ಹದಿನೈದು ಗಜ ಹಿಂದೆ ಸರಿಯುವ ದಂಡವಿತ್ತು. ಇಪ್ಪತ್ತು ಗಜಕ್ಕಿಂತ ದೂರ ಎಸೆಯಬಾರದೆಂಬ ಮಿತಿಯೂ ಬಂದಿತ್ತು. 1912ರಲ್ಲಿ ಆ ಮಿತಿಯನ್ನು ತೆಗೆದುಹಾಕಿ, ಚೆಂಡನ್ನೂ ಸ್ವಲ್ಪ ಸಪೂರ ಮಾಡಿದರು. ಬಾಗಿಲು ತೆರೆದಿತ್ತು. ಒಳಗೆ ಕಾಲಿಡುವವರು ಬೇಕಾಗಿದ್ದರು.

1913ರ ಬೇಸಿಗೆ ರಜೆಯಲ್ಲಿ ಈ ಇಬ್ಬರು ಗೆಳೆಯರು ಒಹಾಯೊ ರಾಜ್ಯದ ಸೀಡರ್ ಪಾಯಿಂಟ್ ಎಂಬ ವಿಹಾರಸ್ಥಳದಲ್ಲಿ ಕೆಲಸಕ್ಕೆ ಸೇರಿದರು. ಈರಿ ಸರೋವರದ ದಡದಲ್ಲಿ ಈಜುವವರ ಕಾವಲು, ಅಲ್ಲಿನ ಉಪಹಾರಗೃಹದಲ್ಲಿ ಲೆಕ್ಕ ನೋಡುವುದು, ಇಂಥ ಕೆಲಸಗಳು. ಜೊತೆಗೆ ಚೆಂಡನ್ನೂ ಒಯ್ದಿದ್ದರು. ಬಿಡುವು ಸಿಕ್ಕಾಗಲೆಲ್ಲ ಮರಳಿನ ಮೇಲೆ ಒಬ್ಬ ಎಸೆಯುವುದು, ಇನ್ನೊಬ್ಬ ಓಡುತ್ತಾ ಹಿಡಿಯುವುದು.

ಅವರು ಅಭ್ಯಾಸ ಮಾಡಿದ್ದೇನು? ಅಂದಿನವರೆಗೆ ಹಿಡಿಯುವವನು ಒಂದು ಕಡೆ ನಿಂತು, ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಹಿಡಿಯುತ್ತಿದ್ದನು. ಅಷ್ಟರಲ್ಲಿ ಎದುರಾಳಿಗಳು ಬಂದು ಕೆಡವುತ್ತಿದ್ದರು. ರಾಕ್ನಿ ಓಟವನ್ನು ನಿಲ್ಲಿಸದೆ, ಬೆರಳುಗಳನ್ನು ಸಡಿಲಬಿಟ್ಟು, ಕೈಗಳಿಂದಲೇ ಹಿಡಿಯುವುದನ್ನು ರೂಢಿಸಿಕೊಂಡರು. ಡೊರೇ ಚೆಂಡನ್ನು ಭುಜದ ಮೇಲಿನಿಂದ, ಅದು ತನ್ನ ಅಚ್ಚಿನಲ್ಲೇ ತಿರುಗುತ್ತಾ ನೇರವಾಗಿ ಸಾಗುವಂತೆ ಎಸೆಯುವುದನ್ನು ಪಳಗಿಸಿಕೊಂಡನು. ಗಿಡ್ಡಾಗಿ ಎಸೆ, ಉದ್ದವಾಗಿ ಎಸೆ, ಎಡಕ್ಕೆ ಓಡು, ಬಲಕ್ಕೆ ತಿರುಗು ಎಂದು ದಿನವೂ ಅದೇ ಕೆಲಸ.

ವಾಚಕರೇ, ಇದರಲ್ಲಿ ಒಂದು ಸೂಕ್ಷ್ಮವಿದೆ. ಓಡುತ್ತಿರುವವನಿಗೆ ಚೆಂಡು ಸಿಗಬೇಕಾದರೆ ಅವನು ಈಗ ಇರುವ ಜಾಗಕ್ಕೆ ಎಸೆದರೆ ಆಗದು. ಚೆಂಡು ಅಲ್ಲಿಗೆ ತಲುಪುವಷ್ಟರಲ್ಲಿ ಅವನು ಮುಂದೆ ಹೋಗಿರುತ್ತಾನೆ. ಆದ್ದರಿಂದ ಯಾರೂ ಇಲ್ಲದ ಬರಿ ಜಾಗಕ್ಕೆ ಎಸೆಯಬೇಕು. ಗೆಳೆಯ ಆ ಹೊತ್ತಿಗೆ ಅಲ್ಲಿಗೆ ಬಂದೇ ಬರುತ್ತಾನೆಂಬ ಭರವಸೆ ಎಸೆಯುವವನಿಗೆ ಬೇಕು. ಚೆಂಡು ತನಗಾಗಿ ಅಲ್ಲಿಗೆ ಬರುತ್ತದೆಂಬ ಭರವಸೆ ಓಡುವವನಿಗೆ ಬೇಕು. ಆ ಭರವಸೆಯನ್ನೇ ಅವರು ಒಂದು ಬೇಸಿಗೆಯುದ್ದಕ್ಕೂ ಬೆಳೆಸಿಕೊಂಡರು.

1913ರ ನವೆಂಬರ್ 1

ಆ ವರ್ಷ ನೋಟರ್ ಡೇಮ್‌ಗೆ ಜೆಸ್ಸಿ ಹಾರ್ಪರ್ ಎಂಬ ಹೊಸ ತರಬೇತುದಾರರು ಬಂದಿದ್ದರು. ರಾಕ್ನಿ ತಂಡದ ನಾಯಕ. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್‌ನಲ್ಲಿರುವ ಸೈನಿಕ ಅಕಾಡೆಮಿಯ ತಂಡದೊಂದಿಗೆ ಹಾರ್ಪರ್ ಪಂದ್ಯ ಗೊತ್ತುಮಾಡಿದರು. ಪೂರ್ವದ ಪ್ರಸಿದ್ಧ ತಂಡಗಳ ಮುಂದೆ ನೋಟರ್ ಡೇಮ್ ಅಂದು ಅಷ್ಟೇನೂ ಹೆಸರಿಲ್ಲದ ಕಾಲೇಜು. ಸಕಲ ಸಂತರ ಹಬ್ಬವಾದ ನವೆಂಬರ್ 1ರಂದು ಆಟ ನಡೆಯಿತು.

ಮೊದಲರ್ಧ ಮುಗಿದಾಗ ನೋಟರ್ ಡೇಮ್ 14, ಸೈನಿಕರು 13. ರಾಕ್ನಿ ಕುಂಟಿದಂತೆ ನಟಿಸಿ, ತನ್ನನ್ನು ಕಾಯುವವನು ಮೈಮರೆತಾಗ ಒಮ್ಮೆಲೇ ಓಡಿ ಡೊರೇಯ ಚೆಂಡನ್ನು ಹಿಡಿದು ಅಂಕ ಗಳಿಸಿದ ಸಂಗತಿ ಇಂದಿಗೂ ಪ್ರಸಿದ್ಧ. ಸೈನಿಕರು ಎಸೆತವನ್ನು ತಡೆಯಲು ಚದುರಿ ನಿಂತರೆ ನೋಟರ್ ಡೇಮ್‌ನವರು ನಡುವಿನಿಂದ ನುಗ್ಗಿದರು. ನಡುವೆ ಒಟ್ಟುಗೂಡಿದರೆ ಡೊರೇ ಅವರ ತಲೆಯ ಮೇಲಿನಿಂದ ಎಸೆದನು. 17 ಎಸೆತಗಳಲ್ಲಿ 14 ಗೆಳೆಯರ ಕೈ ಸೇರಿದವು. ಅದರಿಂದ ಬಂದದ್ದು 243 ಗಜ. ಕೊನೆಗೆ 35ಕ್ಕೆ 13 ಅಂಕಗಳಿಂದ ನೋಟರ್ ಡೇಮ್ ಗೆದ್ದಿತು.

ಸೋತವರನ್ನೂ ಇಲ್ಲಿ ಮೆಚ್ಚಬೇಕು. ಆ ವರ್ಷ ಸೈನಿಕರ ತಂಡ ಸೋತದ್ದು ಇದೊಂದೇ ಪಂದ್ಯ. ಅವರು ಪಾಠ ಕಲಿತರು. ಅದೇ ತಿಂಗಳ ಕೊನೆಯಲ್ಲಿ ತಾವೂ ಚೆಂಡನ್ನು ಮುಂದಕ್ಕೆ ಎಸೆದು ಆಡಿ ನೌಕಾಪಡೆಯ ಅಕಾಡೆಮಿಯನ್ನು 22ಕ್ಕೆ 9ರಿಂದ ಸೋಲಿಸಿದರು. ಹೊಸ ಆಟ ಹೀಗೆ ಹಬ್ಬಿತು.

ಪ್ರಯೋಗಾಲಯದಿಂದ ಮೈದಾನಕ್ಕೆ

1914ರಲ್ಲಿ ರಾಕ್ನಿ ಉತ್ತಮ ದರ್ಜೆಯಲ್ಲಿ ಪದವಿ ಪಡೆದರು. ಸೀಡರ್ ಪಾಯಿಂಟ್‌ನಲ್ಲಿ ಪರಿಚಯವಾಗಿದ್ದ ಬಾನಿ ಸ್ಕೈಲ್ಸ್ ಎಂಬ ಯುವತಿಯನ್ನು ಅದೇ ವರ್ಷದ ಜುಲೈ 14ರಂದು ಸ್ಯಾಂಡಸ್ಕಿಯ ಸಂತ ಪೇತ್ರ ಮತ್ತು ಪೌಲರ ದೇವಾಲಯದಲ್ಲಿ ವಿವಾಹವಾದರು. ಮದುಮಗನ ಪಕ್ಕದಲ್ಲಿ ನಿಂತ ಗೆಳೆಯ ಡೊರೇಯೇ. ಈ ದಂಪತಿಗೆ ನಾಲ್ವರು ಮಕ್ಕಳಾದರು.

ರಾಕ್ನಿ ನೋಟರ್ ಡೇಮ್‌ನಲ್ಲೇ ಉಳಿದು, ರಸಾಯನಶಾಸ್ತ್ರ ಕಲಿಸುತ್ತಾ ಹಾರ್ಪರ್ ಅವರಿಗೆ ಸಹಾಯಕರಾದರು. ಅವರ ಗುರುಗಳು ಫಾದರ್ ಜೂಲಿಯಸ್ ನ್ಯೂಲಂಡ್. ಕೃತಕ ರಬ್ಬರು ತಯಾರಾಗಲು ನೆರವಾದ ಸಂಶೋಧನೆ ಈ ಗುರುಗಳದೇ. ರಾಕ್ನಿ ವಿಜ್ಞಾನದಲ್ಲೇ ಮುಂದುವರಿಯಬಹುದಿತ್ತು. ಅವರು ಮೈದಾನವನ್ನು ಆರಿಸಿಕೊಂಡರು. 1918ರಲ್ಲಿ ಮುಖ್ಯ ತರಬೇತುದಾರರಾಗಿ, 1930ರವರೆಗಿನ ಹದಿಮೂರು ವರ್ಷಗಳಲ್ಲಿ 105 ಪಂದ್ಯ ಗೆದ್ದು, 12 ಸೋತು, 5ರಲ್ಲಿ ಸಮ ಮಾಡಿಕೊಂಡರು.

ಡೊರೇಯಿಂದ ಕಲಿತದ್ದನ್ನು ರಾಕ್ನಿ ಬಿಡಲಿಲ್ಲ. 1924ರ ಅವರ ಹೆಸರಾಂತ ತಂಡದ ಕ್ವಾರ್ಟರ್‌ಬ್ಯಾಕ್ ಹ್ಯಾರಿ ಸ್ಟುಲ್‌ಡ್ರೆಹರ್ ಕೂಡ ಡೊರೇಯಂತೆಯೇ ಸಣ್ಣ ಆಳು. ಆ ತಂಡ ಒಂದು ಪಂದ್ಯವನ್ನೂ ಸೋಲದೆ, 1925ರ ಹೊಸವರ್ಷದ ದಿನ ಸ್ಟ್ಯಾನ್‌ಫರ್ಡ್ ತಂಡವನ್ನು 27ಕ್ಕೆ 10ರಿಂದ ಮಣಿಸಿತು. ಎದುರಾಳಿಯನ್ನು ಬಲದಿಂದ ತಳ್ಳುವುದಕ್ಕಿಂತ, ಎಲ್ಲರೂ ಒಂದೇ ಕ್ಷಣದಲ್ಲಿ ಒಟ್ಟಾಗಿ ಚಲಿಸಿ ಅವರನ್ನು ಗೊಂದಲಗೊಳಿಸುವುದೇ ರಾಕ್ನಿಯವರ ಪದ್ಧತಿ. 1928 ಅವರಿಗೆ ಕಷ್ಟದ ವರ್ಷ. ನಾಲ್ಕು ಪಂದ್ಯ ಸೋತರು. ಆ ವರ್ಷವೂ ಸೈನಿಕರ ತಂಡವನ್ನು 12ಕ್ಕೆ 6ರಿಂದ ಗೆದ್ದದ್ದು ಮುಂದಕ್ಕೆ ಎಸೆದ ಒಂದು ಚೆಂಡಿನಿಂದಲೇ.

ವಿಶ್ವಾಸದ ಹಾದಿ

ಅಂದಿನ ಅಮೆರಿಕದಲ್ಲಿ ಕಥೋಲಿಕರನ್ನು ಹೊರಗಿನವರೆಂದು ನೋಡುವವರು ಬಹಳ. ಇಂಡಿಯಾನಾದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ದ್ವೇಷದ ಸಂಘಟನೆ ಬಲವಾಗಿತ್ತು. 1924ರ ಮೇ ತಿಂಗಳಲ್ಲಿ ಅವರು ಸೌತ್ ಬೆಂಡ್‌ನಲ್ಲಿ ಸಮಾವೇಶ ಕರೆದಾಗ ನೋಟರ್ ಡೇಮ್ ವಿದ್ಯಾರ್ಥಿಗಳಿಗೂ ಅವರಿಗೂ ಬೀದಿಯಲ್ಲಿ ಘರ್ಷಣೆಯಾಯಿತು. ಐರ್ಲೆಂಡ್, ಪೋಲೆಂಡ್, ಇಟಲಿಗಳಿಂದ ಬಂದ ಬಡ ಕಥೋಲಿಕ ಕುಟುಂಬಗಳಿಗೆ ನೋಟರ್ ಡೇಮ್‌ನ ಗೆಲುವು ತಮ್ಮ ಮನೆಯ ಗೆಲುವಿನಂತಿತ್ತು. ಆ ಕಾಲೇಜನ್ನು ಎಂದೂ ನೋಡದವರೂ ಅದರ ತಂಡಕ್ಕಾಗಿ ಕಾತರಿಸುತ್ತಿದ್ದರು.

ಆ ತಂಡವನ್ನು ಕಟ್ಟಿದವರು ಮಾತ್ರ ಇನ್ನೂ ಕಥೋಲಿಕರಾಗಿರಲಿಲ್ಲ. ಅವರ ಮೇಲೆ ಯಾರೂ ಒತ್ತಾಯ ಮಾಡಿದಂತೆ ಕಾಣುವುದಿಲ್ಲ. ಪಂದ್ಯಕ್ಕಾಗಿ ಪರ ಊರಿಗೆ ಹೋದಾಗ ಹುಡುಗರು ನಸುಕಿನಲ್ಲೇ ಎದ್ದು ಬಲಿಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸಿ ಬರುವುದನ್ನು ಕಂಡು ಅವರ ಮನಸ್ಸು ಕರಗಿತೆಂದು ಹೇಳುತ್ತಾರೆ. 1925ರ ನವೆಂಬರ್ 20ರಂದು, ವಿದ್ಯಾಲಯದ ಆವರಣದಲ್ಲಿರುವ ಮರದ ದಿಮ್ಮಿಗಳ ಪುಟ್ಟ ಪ್ರಾರ್ಥನಾಲಯದಲ್ಲಿ ಫಾದರ್ ವಿನ್ಸೆಂಟ್ ಮೂನಿಯವರಿಂದ ಜ್ಞಾನಸ್ನಾನ ಪಡೆದು ರಾಕ್ನಿ ಧರ್ಮಸಭೆಗೆ ಸೇರಿದರು. ವಿದ್ಯಾರ್ಥಿಯಾಗಿ ಬಂದು ಹದಿನೈದು ವರ್ಷಗಳಾಗಿದ್ದವು.

ಪವಿತ್ರ ವಾರದ ಅಗಲಿಕೆ

1929ರಲ್ಲಿ ರಾಕ್ನಿಯವರ ಕಾಲಿನ ರಕ್ತನಾಳ ಊದಿಕೊಂಡು ನಡೆಯಲಾಗದ ಸ್ಥಿತಿ ಬಂತು. ಗಾಲಿಕುರ್ಚಿಯಲ್ಲಿ ಕುಳಿತೇ ತಂಡವನ್ನು ನಡೆಸಿದರು. ಆ ವರ್ಷವೂ, ಮರುವರ್ಷವೂ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ.

1931ರ ಮಾರ್ಚ್ 31, ಪವಿತ್ರ ವಾರದ ಮಂಗಳವಾರ. ಚಲನಚಿತ್ರವೊಂದರ ಕೆಲಸಕ್ಕಾಗಿ ಲಾಸ್ ಏಂಜಲೀಸ್‌ಗೆ ಹೊರಟಿದ್ದ ರಾಕ್ನಿಯವರ ವಿಮಾನ ಕಾನ್ಸಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಬಳಿ ಹೊಲದಲ್ಲಿ ಬಿತ್ತು. ವಿಮಾನದ ಮರದ ರೆಕ್ಕೆ ಮುರಿದಿತ್ತು. ಅದರಲ್ಲಿದ್ದ ಎಂಟು ಜನರೂ ತೀರಿಕೊಂಡರು. ರಾಕ್ನಿಯವರಿಗೆ ಆಗ ನಲವತ್ತಮೂರು ವರ್ಷ. ಪವಿತ್ರ ಶನಿವಾರ ನೋಟರ್ ಡೇಮ್‌ನ ಯೇಸುವಿನ ಪವಿತ್ರ ಹೃದಯದ ದೇವಾಲಯದಲ್ಲಿ ಅಂತ್ಯಸಂಸ್ಕಾರದ ವಿಧಿ ನಡೆಯಿತು. ಅವರು ಹುಟ್ಟಿದ ನಾಡಿನ ಅರಸರು ತಮ್ಮ ಪ್ರತಿನಿಧಿಯನ್ನು ಕಳುಹಿಸಿ ಗೌರವ ಸಲ್ಲಿಸಿದರು. ಈ ದುರಂತದ ನಂತರ ವಿಮಾನಗಳ ಸುರಕ್ಷತೆಯ ನಿಯಮಗಳು ಬಿಗಿಯಾದವು.

ಡೊರೇ ಏನಾದನೆಂದು ನೀವು ಕೇಳಬಹುದು. ಅವನೂ ತರಬೇತುದಾರನಾದನು. ಡಬ್ಯೂಕ್, ಗೊನ್ಜಾಗಾ, ಡೆಟ್ರಾಯಿಟ್‌ನ ಕಥೋಲಿಕ ವಿದ್ಯಾಲಯಗಳಲ್ಲಿ ಹುಡುಗರಿಗೆ ಆಟ ಕಲಿಸಿದನು. ಡೆಟ್ರಾಯಿಟ್ ಒಂದರಲ್ಲೇ 1925ರಿಂದ 1942ರವರೆಗೆ ಹದಿನೆಂಟು ವರ್ಷ. 1954ರ ಜನವರಿಯಲ್ಲಿ ತೀರಿಕೊಂಡನು. ಅವನ ಮೇಲೆ ಯಾರೂ ದೊಡ್ಡ ಚಲನಚಿತ್ರ ಮಾಡಲಿಲ್ಲ. ರಾಕ್ನಿಯವರ ಜೀವನ 1940ರಲ್ಲೇ ತೆರೆಗೆ ಬಂದಿತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಅದರಲ್ಲಿ ನಟಿಸಿದ್ದರು.

ತಂದೆತಾಯಂದಿರೇ, ನಿಮ್ಮ ಮಗ ಇಂದು ಎಲ್ಲಿ ನಿಂತಿದ್ದಾನೆಂದು ನೋಡಿ ಅಷ್ಟಕ್ಕೇ ಅವನ ಬೆಲೆ ಕಟ್ಟಬೇಡಿ. ಇಪ್ಪತ್ತೆರಡರಲ್ಲಿ ಕಾಲೇಜು ಸೇರಿದ ಅಂಚೆ ಕಚೇರಿಯ ನೌಕರ, ತಂಡಕ್ಕೆ ಸಾಲದಂತಿದ್ದ ಸಣ್ಣ ಹುಡುಗ, ಇವರಿಬ್ಬರೂ ಮುಂದೆ ಎಲ್ಲಿಗೆ ತಲುಪಿದರೆಂದು ನೋಡಿದಿರಲ್ಲ. ಮಕ್ಕಳು ನಾಳೆ ತಲುಪುವ ಜಾಗವನ್ನು ನೆನೆದು ಇಂದೇ ಎಸೆಯಿರಿ. ಯುವಕರೇ, ನಿಮಗಾಗಿ ಒಬ್ಬರು ಎಸೆದಿದ್ದಾರೆ. ನೀವು ಹಿಡಿದ ದಿನ ಜನ ಚಪ್ಪಾಳೆ ತಟ್ಟುವುದು ನಿಮಗೆ. ಎಸೆದವರು ಯಾರೆಂಬುದನ್ನು ಮರೆಯದಿರಿ.